ಅಕ್ಕನ ಕಿವಿ

ಹಾಡಿನ ಸ್ಕೇಲ್, ಅಂದರೆ ಶ್ರುತಿ, ಇಳಿಸೋಣ ಎಂಬ ಮಾತನ್ನು ಮೊದಲ ದಿನವೇ ಎತ್ತಿ ಬೈಸಿಕೊಂಡೆ. ಅದೂ ಇಡೀ ತಂಡದ ಎದುರಿಗೆ, ಮೈಕ್ ಆನ್ ಇರುವಾಗ.

ನಮ್ಮ ತಾಲೀಮು ನಡೆಯುತ್ತಿದ್ದದ್ದು ಮಾಕಳಿಯಲ್ಲಿ, ತುಮಕೂರು ರಸ್ತೆಯಿಂದ ಸ್ವಲ್ಪ ಒಳಗಿದ್ದ ಒಂದು ಗೋಡೌನಿನಲ್ಲಿ. ಮೊದಲು ಅಲ್ಲಿ ಟೈಲ್ಸ್ ಇಡುತ್ತಿದ್ದರಂತೆ. ಗೋಡೆಗಳಿಗೆಲ್ಲ ಹಳೇ ಜಮಖಾನ, ಕಂಬಳಿ ಹೊಡೆದು ಸದ್ದು ಗುಂಯ್‌ಗುಡುವುದನ್ನು ಒಂದಿಷ್ಟು ತಗ್ಗಿಸಿದ್ದೆವು. ಅಕ್ಕನ ವಿಶ್ವ ಪ್ರವಾಸಕ್ಕೆ ತಂಡವನ್ನು ಸಿದ್ಧ ಮಾಡುವುದು ನನ್ನ ಕೆಲಸ. ಹಳೆಯ ಹಾಡುಗಳನ್ನು ಹೊಸದಾಗಿ ಜೋಡಿಸಬೇಕು, ಯಾರು ಎಲ್ಲಿ ಏನು ನುಡಿಸಬೇಕೆಂದು ಹೇಳಿಕೊಡಬೇಕು, ವೇದಿಕೆಯಲ್ಲಿ ಇಯರ್‌ಫೋನಿನ ಮೂಲಕ ಅಕ್ಕನ ಕಿವಿಗೆ ಯಾವ ವಾದ್ಯ ಎಷ್ಟು ಕೇಳಬೇಕೆಂದು ನೋಡಿಕೊಳ್ಳಬೇಕು. ಸಿಂಗಪುರದಿಂದ ಶುರುವಾಗಿ ದುಬೈ, ಲಂಡನ್, ನ್ಯೂಜೆರ್ಸಿ, ಕೊನೆಗೆ ಮೆಲ್ಬರ್ನ್.

ಅಕ್ಕ ಯಾರೆಂದು ನಾನು ಹೆಸರು ಹೇಳುವುದಿಲ್ಲ. ಕ್ಯಾಸೆಟ್ ಕಾಲದಲ್ಲಿ ಕನ್ನಡದಲ್ಲಿ ಪಾಪ್ ಹಾಡಿ ಕುಣಿಸಿದವರು. ಜೀನ್ಸ್ ತೊಟ್ಟು ವೇದಿಕೆ ಹತ್ತಿದ್ದಕ್ಕೆ ಬೈಸಿಕೊಂಡರು, ಆಮೇಲೆ ಬೈದವರ ಮನೆಯ ಮದುವೆಗಳಲ್ಲೇ ಇವರ ಹಾಡು ಮೊಳಗಿತು. ಈಗ ವಯಸ್ಸು ಅರವತ್ತೆಂಟು ದಾಟಿದೆ, ಸಂಜಯನಗರದಲ್ಲಿ ಮನೆ. ಚಿಕ್ಕವರು ದೊಡ್ಡವರೆನ್ನದೆ ತಂಡದವರೆಲ್ಲ ಅವರನ್ನು ಕರೆಯುವುದು ಅಕ್ಕ ಎಂದೇ.

ಅವರ ಹೆಸರಿಗೆ ಅಂಟಿಕೊಂಡ ಹಾಡೊಂದಿದೆ, ಬಸ್ ಸ್ಟಾಪಿನಲ್ಲಿ ಕಾಯುವ ಹುಡುಗಿಯದು. ಅದರ ಕೊನೆಯ ಸಾಲು ಮೂರು ಸಲ ಬರುತ್ತದೆ. ಮೂರನೆಯ ಸಲ ಸ್ವರ ಏಕ್‌ದಂ ಮೇಲೆ ಹೋಗಿ ಅಲ್ಲೇ ನಿಲ್ಲಬೇಕು. ಆ ದಿನ ನಿಲ್ಲಲಿಲ್ಲ, ಒಡೆಯಿತು. ಅಕ್ಕ ನೀರು ಕುಡಿದು ಮತ್ತೆ ಹಾಡಿದರು. ಮತ್ತೆ ಒಡೆಯಿತು.

“ಅಕ್ಕ, ಅರ್ಧ ಮನೆ ಇಳಿಸಿ ನೋಡೋಣ್ವಾ?” ಅಂದೆ. ಅರ್ಧ ಮನೆ ಎಂದರೆ ಕೀಬೋರ್ಡಿನಲ್ಲಿ ಪಕ್ಕದ ಒಂದೇ ಒಂದು ಕೀ. ಕೇಳುವವರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ, ಹಾಡುವವರಿಗೆ ಮಾತ್ರ ಪ್ರಾಣ ಉಳಿದಂತಾಗುತ್ತದೆ.

“ಆ ಹಾಡು ಹುಟ್ಟಿದ್ದೇ ಆ ಸ್ಕೇಲಲ್ಲಿ. ಇಳಿಸಿ ಹಾಡೋದಾದ್ರೆ ನಾನ್ಯಾಕೆ ಬೇಕು? ಇನ್ನೊಂದ್ಸಲ ಆ ಮಾತೆತ್ತಿದ್ರೆ ನೀನೂ ಬೇಡ ಕಣೇ ನಂಗೆ,” ಅಂದರು ಅಕ್ಕ. ಮೈಕಿನಲ್ಲಿ ಅದು ಗೋಡೌನ್ ತುಂಬ ಕೇಳಿತು. ಗಿಟಾರಿನವನು ತಲೆ ತಗ್ಗಿಸಿ ತಂತಿ ಒರೆಸತೊಡಗಿದ.

ಸಂಜೆ ಪ್ರವಾಸದ ಮ್ಯಾನೇಜರ್ ನನ್ನನ್ನು ನಾಗಸಂದ್ರ ಮೆಟ್ರೊ ಹತ್ತಿರ ಟೀ ಕುಡಿಯಲು ಕರೆದರು. ಕೆಟ್ಟ ಮನುಷ್ಯರಲ್ಲ. ಅಕ್ಕನನ್ನು ಮತ್ತೆ ವೇದಿಕೆಗೆ ಹತ್ತಿಸಬೇಕೆಂದು ವರ್ಷಗಳಿಂದ ಓಡಾಡಿದವರು ಅವರೊಬ್ಬರೇ. “ಅವರಿಗೆ ಹೇಳ್ದೇನೇ ಇಳಿಸ್ಬಿಡಿ ಮೇಡಂ,” ಅಂದರು. “ಗಂಟಲು ಸಲೀಸಾದ್ರೆ ಅವರಿಗೇ ತಾನೇ ಒಳ್ಳೇದು? ಹೊರಗಿನ ದೇಶದಲ್ಲಿ ಜನದ ಮುಂದೆ ಒಡೆದ್ರೆ ಅವರು ಆಮೇಲೆ ತಲೆ ಎತ್ತಲ್ಲ.”

ನನ್ನನ್ನು ಒಪ್ಪಿಸಲು ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ. ಬೈಗುಳ ಇನ್ನೂ ಕಿವಿಯಲ್ಲೇ ಇತ್ತು. ಮತ್ತೆ ಹೋಗಿ ಕೇಳಿ ಬೈಸಿಕೊಳ್ಳುವುದಕ್ಕಿಂತ ಕದ್ದು ಮಾಡುವುದೇ ಸುಲಭ ಅನ್ನಿಸಿತು.

ತೊಂದರೆ ಇದ್ದದ್ದು ಒಂದೇ. ಅಕ್ಕ ಸ್ಕೇಲನ್ನು ಕಣ್ಣಿನಿಂದಲೂ ನೋಡುತ್ತಾರೆ. ಹಳೆಯ ಆರ್ಕೆಸ್ಟ್ರಾಗಳಲ್ಲಿ ಒಬ್ಬೊಬ್ಬ ವಾದಕ ತನಗೆ ಅನುಕೂಲವಾದ ಸ್ಕೇಲಿನಲ್ಲಿ ಶುರು ಮಾಡಿಬಿಡುತ್ತಿದ್ದನಂತೆ, ಅಲ್ಲಿ ಕಲಿತ ಅಭ್ಯಾಸ. ಹಾಡು ಶುರುವಾಗುವ ಮೊದಲು ಕೀಬೋರ್ಡಿನವನ ಹಿಂದೆ ಹೋಗಿ ನಿಂತು, ಅವನ ಹೆಬ್ಬೆರಳು ಯಾವ ಕೀ ಮೇಲೆ ಕೂತಿದೆ ಎಂದು ನೋಡಿ, ಆಮೇಲೇ ಮೈಕಿಗೆ ಬರುತ್ತಾರೆ. ಆದರೆ ಈಗಿನ ಕೀಬೋರ್ಡಿನಲ್ಲಿ ಒಂದು ಗುಂಡಿಯಿದೆ. ಅದನ್ನು ಒತ್ತಿದರೆ ಬೆರಳು ಇದ್ದ ಕೀ ಮೇಲೇ ಇರುತ್ತದೆ, ಸದ್ದು ಮಾತ್ರ ಅರ್ಧ ಮನೆ ಕೆಳಗಿಂದ ಬರುತ್ತದೆ. ಗಿಟಾರು, ಬೇಸ್ ಗಿಟಾರಿನ ತಂತಿಗಳನ್ನು ಅಷ್ಟೇ ಸಡಿಲ ಮಾಡಿಸಿದೆ. ಕೊಳಲಿನವರಿಗೆ ಇನ್ನೊಂದು ಕೊಳಲು ತರಲು ಹೇಳಿದೆ.

“ಮೇಡಂ, ಗೊತ್ತಾದ್ರೆ?” ಅಂದ ಕೀಬೋರ್ಡಿನವನು.

“ಗೊತ್ತಾದ್ರೆ ನಾನು ಮಾಡ್ಸಿದ್ದು ಅನ್ನು ಗುರು. ನೀನು ಬೆರಳು ಮಾತ್ರ ಹಳೇ ಜಾಗದಲ್ಲೇ ಇಡು,” ಅಂದೆ. ಧೈರ್ಯ ಜಾಸ್ತಿ ನನಗೆ, ಬೇರೆಯವರ ವಿಷಯದಲ್ಲಿ.

ಮರುದಿನ ಅಕ್ಕ ಬಂದು ಅವನ ಹೆಬ್ಬೆರಳು ನೋಡಿದರು, ತಲೆಯಾಡಿಸಿದರು, ಹಾಡಿದರು. ಮೂರನೆಯ ಸಾಲಿನ ಮೇಲಿನ ಸ್ವರ ಕಷ್ಟಪಟ್ಟು ನಿಂತಿತು. ಅದು ನಿಂತ ಮೇಲೆ ಅವರ ಮುಖ ಅರಳಿದ್ದನ್ನು ನೋಡಿ ನನಗೆ ಸಂತೋಷವೇ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ಕೊಳಲು ಬದಲಾಗಿದ್ದನ್ನು ಗಮನಿಸಿ ಯಾಕೆಂದು ಕೇಳಿದರು. ಹಳೆಯದು ಬಿರುಕು ಬಿಟ್ಟಿದೆ ಅಂದೆ. ಮೊದಲ ಸುಳ್ಳು ಅದು, ನಾಲಿಗೆಗೆ ಭಾರವೇ ಆಗಲಿಲ್ಲ.

ಆದರೆ ಮನೆಯಲ್ಲಿ ಅವರ ಬಳಿ ಒಂದು ಶ್ರುತಿ ಪೆಟ್ಟಿಗೆಯಿತ್ತು. ಕರೆಂಟಿನದು, ತಂಬೂರಿಯ ನಾದ ಕೊಡುವಂಥದ್ದು. ಬೆಳಿಗ್ಗೆ ಅದರ ಜೊತೆ ಅಭ್ಯಾಸ. ಕೆಲವೇ ದಿನಗಳಲ್ಲಿ ಅಕ್ಕ ಹೇಳಿದರು, “ಇದೇನೇ ವಿಚಿತ್ರ, ಮನೇಲಿ ಹಾಡಿದ್ರೆ ಗಂಟಲು ಕಟ್ಟುತ್ತೆ. ಇಲ್ಲಿ ಬಂದ್ರೆ ಬಿಟ್ಕೊಳ್ಳುತ್ತೆ.” ಮಾಕಳಿಯ ಗಾಳಿ ಒಳ್ಳೆಯದು ಅಕ್ಕ, ಅಂದೆ. ಎದುರಿನ ರಸ್ತೆಯಲ್ಲಿ ಲಾರಿಗಳು ಧೂಳೆಬ್ಬಿಸುತ್ತಿದ್ದವು.

ಆ ಪೆಟ್ಟಿಗೆಯನ್ನೂ ಸರಿಮಾಡದಿದ್ದರೆ ಸಿಕ್ಕಿಬೀಳುವುದು ಖಂಡಿತ. ಅದರ ವೈರು ಸಡಿಲವಾಗಿತ್ತು, ನೋಡಿಕೊಡು ಎಂದು ಅವರೇ ಒಮ್ಮೆ ನನ್ನ ಕೈಗೆ ಕೊಟ್ಟರು. ಮನೆಗೆ, ಆರ್.ಟಿ. ನಗರಕ್ಕೆ, ಸ್ಕೂಟರಿನಲ್ಲಿ ತಂದೆ. ಸ್ಕೇಲ್ ಆರಿಸುವ ತಿರುಗುಗುಂಡಿಯನ್ನು ಒಂದು ಪುಟ್ಟ ಸ್ಕ್ರೂ ಹಿಡಿದಿರುತ್ತದೆ. ಅದನ್ನು ಬಿಚ್ಚಿ, ಗುಂಡಿಯನ್ನು ಒಂದು ಹಲ್ಲು ಪಕ್ಕಕ್ಕೆ ಕೂರಿಸಿ, ಮತ್ತೆ ಬಿಗಿದೆ. ಈಗ ಗೆರೆ ತೋರಿಸುವುದು ಹಳೆಯ ಸ್ಕೇಲ್, ಬರುವ ನಾದ ಅರ್ಧ ಮನೆ ಕೆಳಗಿನದು. ಟೀ ಆರುವಷ್ಟರಲ್ಲಿ ಕೆಲಸ ಮುಗಿಯಿತು. ತಂಡದ ವಾದ್ಯಗಳು ನನ್ನ ಸುಪರ್ದಿನವು, ಅವುಗಳನ್ನು ಇಳಿಸುವುದು ಒಂದು ಲೆಕ್ಕ. ಇದು ಅವರ ಸ್ವಂತದ್ದು, ದಿನಾ ಬೆಳಿಗ್ಗೆ ದೀಪ ಹಚ್ಚಿದ ಮೇಲೆ ಹಾಕುವಂಥದ್ದು. ವೈರು ಸುತ್ತುವಾಗ ಯಾಕೋ ಕೈ ತೊಳೆದುಕೊಳ್ಳಬೇಕು ಅನ್ನಿಸಿತು.

ಆಮೇಲೆ ಇನ್ನೊಂದು ಅರ್ಧ ಮನೆ ಇಳಿಸಿದೆವು. ಪೆಟ್ಟಿಗೆಯ ವೈರನ್ನು ಮತ್ತೊಮ್ಮೆ ನೋಡುವ ನೆಪ ನಾನೇ ಹುಡುಕಿದೆ. ಅಕ್ಕನ ಗಂಟಲು ನಿಜಕ್ಕೂ ತೆರೆದುಕೊಂಡಿತು. ಕೊನೆಯ ಸ್ವರವನ್ನು ನಿಲ್ಲಿಸುವುದಷ್ಟೇ ಅಲ್ಲ, ಅದರೊಡನೆ ಆಟವಾಡತೊಡಗಿದರು. ಎಷ್ಟೋ ವರ್ಷಗಳಿಂದ ಕೈಬಿಟ್ಟಿದ್ದ ಹಾಡೊಂದನ್ನು ಹಾಡುತ್ತೇನೆಂದು ಹಟ ಹಿಡಿದು ಸೇರಿಸಿದರು. ಶುಂಠಿ ಕಷಾಯದ ಮಹಿಮೆ ಎಂದು ತಂಡಕ್ಕೆಲ್ಲ ಫ್ಲಾಸ್ಕಿನಲ್ಲಿ ತಂದು ಕುಡಿಸಿದರು. ನಾವೆಲ್ಲ ಮುಖ ಮುಖ ನೋಡಿಕೊಳ್ಳದೆ ಕುಡಿದೆವು.

ಎಡವಟ್ಟಾದದ್ದು ಅವರ ಕಾರಿನಲ್ಲಿ. ಯಶವಂತಪುರದ ಸರ್ಕಲ್ಲಿನಲ್ಲಿ ಸಿಗ್ನಲ್ಲಿಗೆ ನಿಂತಾಗ ರೇಡಿಯೊದಲ್ಲಿ ಆ ಬಸ್ ಸ್ಟಾಪಿನ ಹಾಡೇ ಬಂತಂತೆ, ಹಳೆಯ ರೆಕಾರ್ಡಿಂಗು. ಜೊತೆಗೆ ಗುನುಗಲು ಹೋದರೆ ಸ್ವರ ಕೂಡಲಿಲ್ಲ. ಗೋಡೌನಿಗೆ ಬಂದವರೇ ನನ್ನನ್ನು ಪಕ್ಕಕ್ಕೆ ಕರೆದರು.

“ರೇಡಿಯೋದಲ್ಲಿ ಮೇಲಿದೆ ಕಣೇ. ನಾವು ಹಾಡ್ತಿರೋದು ಇಳಿದಂಗಿದೆ.”

ಆಗ ಹೇಳಬಹುದಿತ್ತು. ಹೇಳಲಿಲ್ಲ. ಬದಲಿಗೆ ನನಗೆ ಗೊತ್ತಿದ್ದ ಒಂದು ನಿಜವನ್ನೇ ಸುಳ್ಳಿಗೆ ಬಳಸಿದೆ. ಹಳೆಯ ಟೇಪ್ ಯಂತ್ರಗಳು ಕೆಲವೊಮ್ಮೆ ತುಸು ಜೋರಾಗಿ ಓಡುತ್ತವೆ, ಆಗ ಪ್ರತಿ ಮಾಡಿದ ಹಾಡು ಅಸಲಿಗಿಂತ ಮೇಲಿರುತ್ತದೆ. ಅದನ್ನೇ ವಿವರವಾಗಿ, ಬೆರಳಲ್ಲಿ ಟೇಪು ಸುತ್ತುವುದನ್ನೂ ಮಾಡಿ ತೋರಿಸಿ ಹೇಳಿದೆ. ಅಕ್ಕ ನಂಬಿದರು. ಪೂರ್ತಿ ನಂಬಲಿಲ್ಲ ಅನ್ನುವುದು ಮುಂದಿನ ದಿನಗಳಲ್ಲಿ ಗೊತ್ತಾಯಿತು. ಹಾಡಿನ ಮಧ್ಯೆ ನಿಲ್ಲಿಸಿ, “ಇಳಿದಿಲ್ಲ ತಾನೇ?” ಎಂದು ಕೇಳುವರು. “ಇಲ್ಲ ಅಕ್ಕ.” ಮತ್ತೊಂದು ಹಾಡಿನಲ್ಲಿ, “ಈಗ?” “ಇಲ್ಲ ಅಕ್ಕ, ಸರಿಯಾಗಿದೆ.” ಕೀಬೋರ್ಡಿನವನ ಹೆಬ್ಬೆರಳನ್ನು ಹೋಗಿ ನೋಡುವರು. ಅದು ಸರಿಯಾದ ಜಾಗದಲ್ಲೇ ಇರುತ್ತಿತ್ತು. ಕೊನೆಗೆ ಒಂದು ದಿನ ಇಯರ್‌ಫೋನ್ ಕಿತ್ತು ಕೈಯಲ್ಲಿ ಹಿಡಿದುಕೊಂಡು ಕೇಳಿದರು, “ಹಂಗಾದ್ರೆ ನಂಗ್ಯಾಕೆ ಇಳಿದಂಗೆ ಕೇಳುತ್ತೆ?”

ತಂಡ ಪೂರ್ತಿ ನನ್ನ ಕಡೆ ನೋಡುತ್ತಿತ್ತು. “ವಯಸ್ಸಾದ ಮೇಲೆ ಕಿವಿಗೆ ಕೆಲವರಿಗೆ ಹಾಗೆ ಕೇಳುತ್ತಂತೆ ಅಕ್ಕ,” ಅಂದೆ. “ಒಂದ್ಸಲ ತೋರಿಸ್ಬಿಡೋಣ.”

ಆ ಮಾತು ನನ್ನ ಬಾಯಿಂದಲೇ ಬಂತು. ಮ್ಯಾನೇಜರ್ ಹೇಳಿಕೊಟ್ಟದ್ದಲ್ಲ.

ಹೆಬ್ಬಾಳದ ಕ್ಲಿನಿಕ್ಕಿಗೆ ನಾನೇ ಕರೆದುಕೊಂಡು ಹೋದೆ. ಗಾಜಿನ ಕಿಟಕಿಯಿದ್ದ ಸಣ್ಣ ಕೋಣೆಯಲ್ಲಿ ಅವರನ್ನು ಕೂರಿಸಿ, ಹೆಡ್‌ಫೋನ್ ಹಾಕಿ, ಕೈಗೆ ಒಂದು ಸ್ವಿಚ್ ಕೊಟ್ಟರು. ಸದ್ದು ಕೇಳಿದಾಗಲೆಲ್ಲ ಒತ್ತಬೇಕು. ಸಾವಿರಾರು ಜನರೆದುರು ಸೊಂಟದ ಮೇಲೆ ಕೈಯಿಟ್ಟು ಹಾಡಿದ ಹೆಂಗಸು, ಪರೀಕ್ಷೆಗೆ ಕೂತ ಶಾಲೆಯ ಹುಡುಗಿಯ ಹಾಗೆ ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಒತ್ತುತ್ತಿದ್ದರು. ಒಮ್ಮೆ ಏನೂ ಇಲ್ಲದಿದ್ದಾಗ ಒತ್ತಿಬಿಟ್ಟರೇನೋ, ಕಣ್ಣು ತೆರೆದು ಗಾಜಿನಾಚೆ ನನ್ನ ಮುಖ ನೋಡಿ, ತಪ್ಪಾಯ್ತಾ ಎಂಬಂತೆ ಹುಬ್ಬೇರಿಸಿದರು. ನಾನು ನಕ್ಕೆ. ಆ ನಗುವನ್ನು ನೆನೆದರೆ ಈಗಲೂ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ.

ಪರೀಕ್ಷೆ ಮಾಡಿದಾಕೆ ಇದ್ದದ್ದನ್ನೇ ಹೇಳಿದರು. ವಯಸ್ಸಿಗೆ ತಕ್ಕಂತೆ ಸಣ್ಣ ಕೀರಲು ಸದ್ದುಗಳು ತುಸು ಕಡಿಮೆ ಕೇಳುತ್ತಿವೆ, ಉಳಿದಂತೆ ಚೆನ್ನಾಗಿದೆ. ಸ್ವರ ಇಳಿದಂತೆ ಕೇಳುವುದು ಈ ಪರೀಕ್ಷೆಯಲ್ಲಿ ಗೊತ್ತಾಗುವಂಥದ್ದಲ್ಲ. ಬೇಕಿದ್ದರೆ ಕಿವಿಯ ಮೆಷಿನ್ ಕೆಲವು ದಿನ ಹಾಕಿ ನೋಡಬಹುದು. ಅಕ್ಕ ಬೇಕು ಅಂದರು. ನಾನು ಬೇಡ ಅನ್ನಬೇಕಿತ್ತು, ಯಾಕೆ ಬೇಡವೆಂದು ಹೇಳಬೇಕಾಗುತ್ತದಲ್ಲ ಎಂದು ಸುಮ್ಮನಿದ್ದೆ.

ಮೆಷಿನ್ ಹಾಕಿಕೊಂಡು ತಾಲೀಮಿಗೆ ಬಂದ ದಿನ ನಾನು ಕಂಡ ಕೆಲಸದ ದಿನಗಳಲ್ಲೇ ಕೆಟ್ಟದ್ದು. ಮಾತು ಕೇಳಲೆಂದು ಮಾಡಿದ ಯಂತ್ರ ಅದು. ಡ್ರಮ್ಮಿನವನ ಸಿಂಬಲ್ಲಿನ ಏಟು ತಗಡು ಬಡಿದಂತೆ ಕೇಳುತ್ತೆ ಅಂದರು. ಮೇಲೆ ಹೆಡ್‌ಫೋನ್ ಇಟ್ಟರೆ ಕುಂಯ್ ಎಂದು ಕಿರುಚಿತು. ಅದನ್ನು ತೆಗೆದು ಇಯರ್‌ಫೋನ್ ಹಾಕಿದರೆ ಮತ್ತೆ ಅದೇ ಪ್ರಶ್ನೆ, ಇಳಿದಿದೆಯಾ. ಆ ಬಸ್ ಸ್ಟಾಪಿನ ಹಾಡನ್ನು ಶುರು ಮಾಡುವುದು, ನಿಲ್ಲಿಸುವುದು, ಶುರು ಮಾಡುವುದು. ಕೊನೆಗೆ ಮೆಷಿನ್ನನ್ನು ಕರ್ಚೀಫಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡು ಕುರ್ಚಿಯಲ್ಲಿ ಕೂತರು.

“ಸಾಕು ಕಣ್ರಪ್ಪ,” ಅಂದರು. “ನನ್ನ ಕಾಲದ ದೊಡ್ಡ ಗಾಯಕರೊಬ್ರಿಗೆ ಹಿಂಗೇ ಆಯ್ತು. ಕಿವಿ ಹೋಗಿತ್ತು, ಅವರಿಗೆ ಗೊತ್ತಿರ್ಲಿಲ್ಲ. ಹಾಡ್ತಾನೇ ಇದ್ರು, ಜನ ಬಾಯಿಗೆ ಕೈ ಅಡ್ಡ ಇಟ್ಕೊಂಡು ನಗ್ತಿದ್ರು. ನಾನೂ ನಕ್ಕಿದ್ದೆ. ಹಂಗೆ ನಿಂತ್ಕೊಳ್ಳೋಕೆ ನಂಗಿಷ್ಟ ಇಲ್ಲ. ಗಂಟಲು ವಾಪಸ್ ಬಂತು, ಕಿವಿ ಹೋಯ್ತು. ಪ್ರವಾಸ ಬೇಡ. ನಿಮ್ಮನ್ನೆಲ್ಲ ಇಷ್ಟು ದಿನ ದುಡಿಸಿದೆ, ಬೇಜಾರ್ ಮಾಡ್ಕೋಬೇಡಿ.”

ನಮಗೇ ಕೈ ಮುಗಿದರು. ಕೀಬೋರ್ಡಿನವನು ಎದ್ದು ಹೊರಗೆ ಹೋಗಿಬಿಟ್ಟ.

ಮ್ಯಾನೇಜರ್ ನನ್ನನ್ನು ಗೇಟಿನ ಹತ್ತಿರ ಹಿಡಿದರು. “ಇನ್ನೊಬ್ಬ ಡಾಕ್ಟರ್ ಹತ್ರ ಕರ್ಕೊಂಡೋಗೋಣ. ಕಿವಿ ಸೂಪರ್ ಆಗಿದೆ ಅಂತ ಹೇಳ್ಸೋಣ. ಒಂದು ಮಾತು ಸಾಕು ಮೇಡಂ.”

“ಮತ್ತೆ ಇಳಿದಂಗೆ ಕೇಳುತ್ತೆ ಅಂದ್ರೆ?”

“ಅದಕ್ಕೂ ಏನಾದ್ರೂ ಹೇಳಿ. ನಿಮಗೆ ಗೊತ್ತಿರುತ್ತಲ್ಲ.”

ನಿಜ, ನನಗೆ ಗೊತ್ತಿತ್ತು. ಇನ್ನೂ ನಾಲ್ಕು ನೆಪಗಳು ನನ್ನ ಬಳಿ ತಯಾರಿದ್ದವು, ಒಂದಕ್ಕಿಂತ ಒಂದು ನಂಬುವಂಥವು. ಅಷ್ಟು ಸಲೀಸಾಗಿ ಅವು ಹೊಳೆದದ್ದೇ ನನಗೆ ಹೆದರಿಕೆ ತಂದಿತು. ನಾಳೆ ಬೆಳಿಗ್ಗೆ ನಾನೇ ಹೋಗಿ ಹೇಳುತ್ತೇನೆ ಅಂದೆ. ಅವರು ತಲೆ ಚಚ್ಚಿಕೊಂಡರು.

ಅವರೆಕಾಯಿ ಕಾಲ. ಸಂಜಯನಗರದ ಮನೆಯ ವರಾಂಡದಲ್ಲಿ ಅಕ್ಕ ಬೋಸಿಯ ಮುಂದೆ ಕೂತು, ನೆನೆಸಿದ ಕಾಳು ಹಿತುಕಿ ಸಿಪ್ಪೆ ಬಿಡಿಸುತ್ತಿದ್ದರು. “ಬಂದ್ಯಾ? ಕೂತ್ಕೋ, ಕೈ ಹಾಕು,” ಅಂದರು. ಕೂತು ನಾನೂ ಹಿತುಕಿದೆ. ಕಾಳು ಬೆರಳ ಸಂದಿಯಿಂದ ಪುಳಕ್ಕೆಂದು ಹಾರಿ ಒಂದು ನನ್ನ ಮಡಿಲಿಗೇ ಬಿತ್ತು. ಎಲ್ಲಿಂದ ಶುರು ಮಾಡುವುದೆಂದು ಸ್ಕೂಟರಿನಲ್ಲಿ ಪಾಠ ಮಾಡಿಕೊಂಡು ಬಂದದ್ದೆಲ್ಲ ಮರೆತುಹೋಯಿತು.

“ಅಕ್ಕ, ನಿಮ್ಮ ಕಿವಿಗೆ ಏನೂ ಆಗಿಲ್ಲ. ನಾವು ಸ್ಕೇಲ್ ಇಳಿಸಿದ್ವಿ. ನಿಮಗೆ ಸರಿಯಾಗೇ ಕೇಳಿಸ್ತಿತ್ತು.”

ಅವರ ಕೈ ನೀರಿನಲ್ಲೇ ನಿಂತಿತು. ಬೈಗುಳಕ್ಕೆ ತಯಾರಾಗಿ ಕೂತಿದ್ದೆ.

“ಕಿವಿ ಸರಿಯಿದ್ಯಾ?” ಅಂದರು.

“ಸರಿಯಿದೆ ಅಕ್ಕ.”

“ದೇವರಾಣೆ?”

“ದೇವರಾಣೆ.”

ಅವರ ಕಣ್ಣು ತುಂಬಿಕೊಂಡಿತು. ಸಂತೋಷಕ್ಕೆ. ಅದನ್ನು ನಾನು ಎಣಿಸಿರಲಿಲ್ಲ, ತಡೆದುಕೊಳ್ಳಲೂ ಆಗಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅವರು ಒಂದೊಂದಾಗಿ ಕೇಳತೊಡಗಿದರು.

“ಕೊಳಲು ಬದಲಾಯಿಸಿದ ದಿನ?”

“ಇಳಿಸಿದ್ವಿ.”

“ಯಶವಂತಪುರದಲ್ಲಿ ರೇಡಿಯೋ ಕೇಳಿ ಬಂದು ಹೇಳಿದ್ನಲ್ಲ. ಆ ಟೇಪಿನ ಕಥೆ?”

“ಸುಳ್ಳು ಅಕ್ಕ.”

“ಹಾಡು ನಿಲ್ಸಿ ನಿಲ್ಸಿ ಕೇಳಿದ್ನಲ್ಲ, ಇಳಿದಿದ್ಯಾ ಅಂತ?”

“ಪ್ರತಿ ಸಲನೂ ನೀವು ಹೇಳಿದ್ದೇ ಸರಿ.”

“ಆ ಗಾಜಿನ ರೂಮಲ್ಲಿ ಕೂರಿಸಿದ್ಯಲ್ಲೇ,” ಅಂದರು.

ಬೋಸಿಯನ್ನು ಪಕ್ಕಕ್ಕೆ ಸರಿಸಿ, “ಮನೇಲಿ ಶ್ರುತಿ ಡಬ್ಬಿ ಜೊತೆ ಹಾಡಿದ್ರೆ ಕೂಡ್ತಿತ್ತಲ್ಲ?” ಅಂದರು. ಅದನ್ನೂ ಹೇಳಿದೆ. ಗುಂಡಿ ಬಿಚ್ಚಿ ಪಕ್ಕಕ್ಕೆ ಕೂರಿಸಿದ್ದನ್ನು, ಎರಡು ಸಲ. ಆಗ ಮಾತ್ರ ಅವರ ಮುಖ ಬದಲಾಯಿತು. ಎದ್ದು ಒಳಗೆ ಹೋಗಿ ಪೆಟ್ಟಿಗೆ ತಂದು ನನ್ನ ಮುಂದಿಟ್ಟರು. ಅಡುಗೆಮನೆಯ ಚಾಕುವಿನ ತುದಿಯಿಂದ ಸ್ಕ್ರೂ ಬಿಚ್ಚಿ ಗುಂಡಿಯನ್ನು ಇದ್ದ ಜಾಗದಲ್ಲಿ ಕೂರಿಸಿದೆ. ಅಕ್ಕ ಅಸಲಿ ಸ್ಕೇಲಿನಲ್ಲಿ ಆ ಕೊನೆಯ ಸಾಲು ಹಾಡಿದರು. ಒಡೆಯಿತು. ಅಳಲಿಲ್ಲ, ಒಂದು ಹಲ್ಲು ಇಳಿಸಿಕೊಂಡು ಹಾಡಿದರು. ಇನ್ನೊಂದು ಇಳಿಸಿದರು. ಅಲ್ಲಿ ಸ್ವರ ನಿಂತಿತು, ನಾವು ತಾಲೀಮಿನಲ್ಲಿ ಇಟ್ಟಿದ್ದ ಜಾಗದಲ್ಲೇ.

“ಇಲ್ಲೇ,” ಅಂದರು. “ನಾನೇ ಬರ್ತಿದ್ದೆ ಇಲ್ಲಿಗೆ.”

“ಕೇಳಿದ್ನಲ್ಲ ಅಕ್ಕ ಮೊದಲ್ನೇ ದಿನ. ಬೈದ್ರಿ.”

“ಬೈದೆ. ಬೈಸ್ಕೊಂಡು ಇನ್ನೊಂದ್ಸಲ ಕೇಳ್ಬೇಕಿತ್ತು. ಅಷ್ಟೂ ಆಗ್ಲಿಲ್ವಾ ನಿಂಗೆ?”

ಆಗಲಿಲ್ಲ. ಅಷ್ಟೇ ನಿಜ. ಅವರ ಗಂಟಲು ಉಳಿಸಲು, ಪ್ರವಾಸ ಉಳಿಸಲು ಎಂದೆಲ್ಲ ನನಗೆ ನಾನೇ ಹೇಳಿಕೊಂಡಿದ್ದೆ. ಎರಡನೇ ಸಲ ಬೈಸಿಕೊಳ್ಳುವ ಮುಜುಗರ ತಪ್ಪಿಸಿಕೊಳ್ಳಲು ಒಬ್ಬರ ಕಿವಿಯ ಮೇಲೆ ಅವರಿಗೇ ಅನುಮಾನ ಬರುವಂತೆ ಮಾಡಿದೆ.

“ಯಾರ್ಯಾರಿಗೆ ಗೊತ್ತಿತ್ತು?” ಎಂದು ಕೇಳಿದರು, ನಾನು ಹೊರಡುವಾಗ.

“ಎಲ್ಲರಿಗೂ. ಡ್ರಮ್ ಬಾರಿಸೋನೊಬ್ಬನ್ನ ಬಿಟ್ಟು. ಡ್ರಮ್ಮಿಗೆ ಸ್ಕೇಲ್ ಇಲ್ವಲ್ಲ, ಅವನಿಗೆ ಹೇಳೋದು ಬೇಕಿರ್ಲಿಲ್ಲ.”

ಹೂಂ ಅಂದು, ಮತ್ತೆ ಕಾಳಿನ ಮುಂದೆ ಕೂತರು. ಸಾರು ಉಂಡು ಹೋಗು ಅನ್ನಲಿಲ್ಲ.

ಪ್ರವಾಸ ನಡೆಯಿತು. ಮ್ಯಾನೇಜರ್‌ಗೆ ಮಂಗಳಾರತಿಯಾಯಿತೆಂದು ಕೇಳಿದೆ. ನನ್ನನ್ನು ತೆಗೆದುಹಾಕುತ್ತಾರೆಂದುಕೊಂಡಿದ್ದೆ, ತೆಗೆಯಲಿಲ್ಲ. ಹಾಡುಗಳನ್ನು ಅವರೇ ಹೇಳಿದ ಸ್ಕೇಲಿಗೆ ಎಲ್ಲರೆದುರು ಇಳಿಸಿದೆವು. ಕೀಬೋರ್ಡಿನವನು ಆ ಗುಂಡಿಯನ್ನು ಮುಟ್ಟದೆ, ಬೆರಳುಗಳನ್ನೇ ಹೊಸ ಜಾಗಕ್ಕೆ ಒಗ್ಗಿಸಿಕೊಂಡ. ಸಿಂಗಪುರದಲ್ಲಿ ಆ ಬಸ್ ಸ್ಟಾಪಿನ ಹಾಡಿಗೆ ಜನ ಎದ್ದು ನಿಂತರು. ಅಕ್ಕ ನನ್ನೊಡನೆ ಎಂದಿನಂತೆಯೇ ಮಾತಾಡುತ್ತಿದ್ದರು, ಊಟ ಮಾಡಿದ್ಯಾ, ಸ್ವೆಟರ್ ತಂದಿದ್ಯಾ ಎಂದು. ಒಂದು ವಿಷಯ ಮಾತ್ರ ನನ್ನನ್ನು ಕೇಳುತ್ತಿರಲಿಲ್ಲ.

ಲಂಡನ್ನಿನಲ್ಲಿ ಕಾರ್ಯಕ್ರಮಕ್ಕೆ ಮುಂಚೆ ಧ್ವನಿ ಪರೀಕ್ಷೆ ನಡೆಯುತ್ತಿತ್ತು. ಅಕ್ಕ ಎರಡು ಸಾಲು ಹಾಡಿ ನಿಂತರು. ನಾನು ಅವರಿಂದ ಮಾರು ದೂರದಲ್ಲಿ, ಇಯರ್‌ಫೋನಿನ ಸದ್ದು ಸರಿಮಾಡುತ್ತಾ ಇದ್ದೆ. ಅವರು ನನ್ನನ್ನು ದಾಟಿ ಹಿಂದಕ್ಕೆ ತಿರುಗಿ, ಡ್ರಮ್ಮಿನವನನ್ನು ಕೇಳಿದರು.

“ಸ್ಕೇಲ್ ಸರಿಯಿದ್ಯೇನಪ್ಪಾ?”

ಸ್ಕೇಲ್ ಎಂದರೆ ಏನೆಂದು ಅವನಿಗೆ ಸರಿಯಾಗಿ ಗೊತ್ತಿಲ್ಲ. ಕೋಲು ಹಿಡಿದುಕೊಂಡು ಕಕ್ಕಾಬಿಕ್ಕಿಯಾಗಿ ಅಕ್ಕನ ಭುಜದ ಮೇಲಿಂದ ನನ್ನ ಮುಖ ನೋಡಿದ. ಸ್ಕೇಲ್ ಸರಿಯಾಗಿಯೇ ಇತ್ತು. ಅವರಿಗೆ ಕಾಣದ ಹಾಗೆ ನಾನು ತಲೆಯಾಡಿಸಿದೆ.

“ಸರಿಯಿದೆ ಅಕ್ಕ,” ಅಂದ ಅವನು. ಅಕ್ಕ ಮೈಕಿನ ಕಡೆ ತಿರುಗಿ ಹಾಡು ಮುಂದುವರಿಸಿದರು.